ಗುರುತು ಹೋತು

೨೦೦೭ರ ಆಗಸ್ಟ್ ಎಂದು ಬರೆಯುತ್ತೇನೆ. ಮರುವರ್ಷದ್ದು ಎನ್ನುವವರೂ ಇದ್ದಾರೆ. ಅವರು ತಪ್ಪು ಎಂದು ತೋರಿಸಲು ನನ್ನ ಬಳಿ ಏನೂ ಇಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಯಾಂತ್ರಿಕ ದೋಣಿಗಳು ಮತ್ತೆ ಕಡಲಿಗಿಳಿದ ಮೊದಲ ದಿನಗಳವು ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. ನಾನು ಆಗ ಗುತ್ತಿಗೆಯ ಮೇಲೆ ತಾಂತ್ರಿಕ ಸಹಾಯಕನಾಗಿದ್ದೆ. ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳ ಕೆಲವು ಕಚೇರಿಗಳ ಕಂಪ್ಯೂಟರುಗಳನ್ನು ಕೆಲಸ ಮಾಡುವ ಸ್ಥಿತಿಯಲ್ಲಿಡುವುದು, ಸಿಬ್ಬಂದಿಗೆ ಕಲಿಸುವುದು, ದೋಣಿಯವರಿಗೆ ಆಗಷ್ಟೇ ಬಳಕೆಗೆ ಬರುತ್ತಿದ್ದ ಜಿಪಿಎಸ್ ಯಂತ್ರದ ಬಗ್ಗೆ ತರಬೇತಿ ಕೊಡುವುದು ನನ್ನ ಕೆಲಸ. ಮನೆ ಹಿರೇಗುತ್ತಿಯಲ್ಲಿ. ದಿನದ ಬಹುಭಾಗ ಬಸ್ಸಿನಲ್ಲೇ ಕಳೆಯುತ್ತಿತ್ತು.

ಈ ಓಡಾಟದಲ್ಲಿ ನನ್ನ ದೊಡ್ಡ ತೊಂದರೆ ಯಂತ್ರ ಕೆಡುವುದಾಗಿರಲಿಲ್ಲ. ಕಚೇರಿಯ ಕಂಪ್ಯೂಟರುಗಳಲ್ಲಿ ಹೊಸ ತಂತ್ರಾಂಶ ಹಾಕಲು ಮೇಲಿನವರ ಪಾಸ್‌ವರ್ಡ್ ಬೇಕಿತ್ತು, ಮೇಲಿನವರು ಕಾರವಾರದಲ್ಲಿದ್ದರು. ಸಮುದ್ರ ನಕ್ಷೆಯನ್ನು ಪ್ರೊಜೆಕ್ಟರ್‌ನಿಂದ ಗೋಡೆಗೆ ಬಿಟ್ಟು ಪಾಠ ಮಾಡುವಾಗ ಬೆರಳಿಟ್ಟು ತೋರಿಸಲು ಹೋದರೆ ನನ್ನ ನೆರಳೇ ಅರ್ಧ ಅರಬ್ಬೀ ಸಮುದ್ರವನ್ನು ಮುಚ್ಚುತ್ತಿತ್ತು. ಇದನ್ನು ಭಟ್ಕಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಇಬ್ರಾಹಿಂನ ಎದುರು ಒಮ್ಮೆ ಗೊಣಗಿದೆ. ಅವನು ಡ್ರಾಯರ್‌ನಿಂದ ಒಂದು ಪೆನ್ ಡ್ರೈವ್ ತೆಗೆದುಕೊಟ್ಟ.

"ಭಾಯಿ, ಇದನ್ನ ಇನ್‌ಸ್ಟಾಲ್ ಮಾಡೋದೇ ಬೇಡ. ಹಾಕು, ಬರಿ, ತೆಗಿ. ಹಿಂದೆ ನಿಶಾನಿನೂ ಉಳಿಯಲ್ಲ."

"ಕಳ್ಳರಿಗೆ ಮಾಡಿದ ಹಾಗಿದೆಯಲ್ಲೋ."

"ಕಳ್ಳರಿಗೆ ಗೋಡೆ ಮೇಲೆ ಬರಿಯೋ ಕೆಲಸ ಎಲ್ಲಿ? ಇದು ನಿನ್ನಂಥ ಮಾಸ್ತರರಿಗೇ."

ಪೋರ್ಟಬಲ್ ಸಾಫ್ಟ್‌ವೇರ್ ಎಂದರೆ ಅಷ್ಟೇ. ಅದು ಕಂಪ್ಯೂಟರಿನೊಳಗೆ ಮನೆ ಮಾಡುವುದಿಲ್ಲ, ಪೆನ್ ಡ್ರೈವ್‌ನಿಂದಲೇ ಎದ್ದು ಕೆಲಸ ಮಾಡಿ ಹೋಗುತ್ತದೆ. ಇಬ್ರಾಹಿಂ ಕೊಟ್ಟದ್ದು ಇನ್ನೂ ವಿಚಿತ್ರವಾದದ್ದು. ಸಾಮಾನ್ಯ ಚಿತ್ರ ಬರೆಯುವ ತಂತ್ರಾಂಶಕ್ಕೆ ತನ್ನದೇ ಒಂದು ಹಾಳೆ ಇರುತ್ತದೆ, ಬರೆದದ್ದನ್ನು ಉಳಿಸಿಡಬಹುದು. ಇದಕ್ಕೆ ಹಾಳೆಯೇ ಇರಲಿಲ್ಲ. ಪರದೆಯ ಮೇಲೆ ಏನು ತೆರೆದಿದ್ದರೂ, ಅದು ನಕ್ಷೆಯಾಗಲಿ ಪತ್ರವಾಗಲಿ ಬರಿಯ ಡೆಸ್ಕ್‌ಟಾಪ್ ಆಗಲಿ, ಅದರ ಮೇಲೆ ನೇರವಾಗಿ ಕೆಂಪು ಗೆರೆ ಎಳೆಯುತ್ತಿತ್ತು. ಮಳೆಗಾಲದಲ್ಲಿ ಬಸ್ಸಿನ ಮಬ್ಬು ಗಾಜಿನ ಮೇಲೆ ಬೆರಳಿನಿಂದ ಬರೆದ ಹಾಗೆ. ಆಚೆ ಗದ್ದೆ, ಸೇತುವೆ ಸರಿದುಹೋಗುತ್ತವೆ. ಬರೆದದ್ದು ಗಾಜಿನಲ್ಲೇ ಇರುತ್ತದೆ, ಗದ್ದೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಗುಣವೂ ಇತ್ತು. ಪರದೆಯ ಮೇಲೆ ತೆರೆದ ಪ್ರತಿಯೊಂದು ಕಿಟಕಿಯೂ, ಅಂದರೆ ವಿಂಡೋ, ತನ್ನ ಭಾಗ ಅಳಿಸಿಹೋದರೆ ತಾನೇ ಮತ್ತೆ ಬರೆದುಕೊಳ್ಳುತ್ತದೆ. ಈ ಕೆಂಪು ಗೆರೆ ಮಾತ್ರ ಯಾವ ಕಿಟಕಿಗೂ ಸೇರಿದ್ದಲ್ಲ. ಅದರ ಮೇಲೆ ಬೇರೇನಾದರೂ ಒಮ್ಮೆ ಹಾದುಹೋದರೆ ಮುಗಿಯಿತು, ಮತ್ತೆ ಬರೆಯುವವರು ಯಾರೂ ಇಲ್ಲ. ಇದು ನನಗೆ ಗೊತ್ತಿತ್ತು. ಪಾಠಕ್ಕೆ ಇಷ್ಟು ಸಾಕು ಎಂದುಕೊಂಡಿದ್ದೆ.

ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಅಳಿವೆಗೆ ಹತ್ತಿರ ಒಂದು ಕಚೇರಿಯಿತ್ತು. ಹೆಸರು ಬೇಡ. ಅಲ್ಲಿನ ಮುಖ್ಯಸ್ಥರನ್ನು ಎಲ್ಲರೂ ಸಾಹೇಬ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಮೃದು ಮಾತಿನ ಮನುಷ್ಯ. ಆ ದಿನ ಮಧ್ಯಾಹ್ನ ನಾನು ಕುಮಟೆಯಲ್ಲಿದ್ದಾಗ ಅವರ ಫೋನ್ ಬಂತು.

"ನಿಮ್ಮ ಆ ಕೆಂಪು ಪೆನ್ನು ಉಂಟಲ್ಲ, ಅದನ್ನ ತಗೊಂಡು ಕೂಡಲೇ ಬನ್ನಿ. ಒಂದು ಬೋಟು ಕಾಣ್ತಾ ಇಲ್ಲ."

ಕಾಣೆಯಾದದ್ದು ಗಣಪುವಿನ ದೋಣಿ. ಗಣಪು ಅದರ ತಾಂಡೇಲ, ಅಂದರೆ ದೋಣಿ ನಡೆಸುವವ. ಅವನೂ ಸೇರಿ ಐವರು. ಹಿಂದಿನ ದಿನ ಸಂಜೆ ಧಾರೇಶ್ವರದ ಪಶ್ಚಿಮಕ್ಕೆ ಬಲೆ ಎಳೆಯುತ್ತಿದ್ದುದನ್ನು ಬೇರೆ ದೋಣಿಯವರು ನೋಡಿದ್ದರು. ರಾತ್ರಿ ಗಾಳಿ ಎದ್ದಿತ್ತು. ಬೆಳಿಗ್ಗೆ ಎಲ್ಲರೂ ಬಂದರು, ಅವರು ಬರಲಿಲ್ಲ. ನಾಲ್ಕು ದೋಣಿಗಳು ಹುಡುಕಲು ಹೋಗಿದ್ದವು. ಮುಂದಾಳು ಸೋಮ ತಾಂಡೇಲ. ಗಣಪುವಿನ ಜೊತೆ ಒಂದೇ ದೋಣಿಯಲ್ಲಿ ಕೆಲಸ ಕಲಿತವನು, ನನ್ನ ಜಿಪಿಎಸ್ ತರಬೇತಿಗೂ ಬಂದಿದ್ದವನು. ಅವನು ವೈರ್‌ಲೆಸ್ಸಿನಲ್ಲಿ ಅಂಕಿ ಹೇಳುವುದು, ನಾವು ನಕ್ಷೆಯಲ್ಲಿ ನೋಡಿ ಯಾವ ಭಾಗ ಹುಡುಕಿ ಆಯಿತು, ಯಾವುದು ಉಳಿಯಿತು ಎಂದು ತಿಳಿಸುವುದು ಎಂದು ಮಾತಾಗಿತ್ತು.

ನಾನು ತಲುಪುವಷ್ಟರಲ್ಲಿ ತರಬೇತಿ ಹಾಲ್ ತುಂಬಿತ್ತು. ಐದು ಮನೆಗಳವರೂ ಇದ್ದರು. ಮಂಕಿಯಿಂದಲೂ ನೆಂಟರು ಬಂದಿದ್ದರು. ಕಿಟಕಿಗಳಿಗೆ ಹೊದಿಕೆ ಎಳೆದು ಪ್ರೊಜೆಕ್ಟರ್ ಹಚ್ಚಿದ್ದರು. ಒದ್ದೆ ಕೊಡೆ, ಒದ್ದೆ ಸೀರೆಗಳ ವಾಸನೆ. ಮುಂದಿನ ಬೆಂಚಿನಲ್ಲಿ ಗಣಪುವಿನ ತಾಯಿ ನಾಗಮ್ಮ, ಪಕ್ಕದಲ್ಲಿ ಹೆಂಡತಿ ಮಾದೇವಿ. ಮಾದೇವಿ ಮೀನು ಮಾರಾಟಕ್ಕೆ ಹೋಗಿದ್ದಲ್ಲಿಂದ ಹಾಗೇ ಬಂದಿದ್ದಳು. ಬುಟ್ಟಿ ಕಾಲಬುಡದಲ್ಲಿತ್ತು.

ಪೆನ್ ಡ್ರೈವ್ ಹಾಕಿ, ಸ್ಕ್ಯಾನ್ ಮಾಡಿಟ್ಟಿದ್ದ ಸಮುದ್ರ ನಕ್ಷೆಯನ್ನು ತೆರೆದು, ಕೊನೆಗೆ ಕಂಡಿದ್ದ ಜಾಗದ ಸುತ್ತ ಒಂದು ಕೆಂಪು ಸುತ್ತು ಎಳೆದೆ. ಗಾಳಿ, ನೀರಿನ ಸೆಳೆತ ಎಲ್ಲ ಲೆಕ್ಕ ಹಿಡಿದರೆ ಈ ಸುತ್ತಿನೊಳಗೆ ಎಲ್ಲಿ ಬೇಕಾದರೂ ಇರಬಹುದು, ಅದರಾಚೆಗೂ ಇರಬಹುದು. ಅದು ಆ ಸುತ್ತಿನ ಅರ್ಥ. ನಾನು ಇದನ್ನು ಸಾಹೇಬರಿಗೆ ಹೇಳಿದೆ. ಹಾಲಿನಲ್ಲಿದ್ದವರಿಗೆ ಹೇಳಿದೆನೇ? ಹೇಳಿದೆ ಎಂದು ಬಹಳ ದಿನ ನಂಬಿದ್ದೆ. ಈಗ ಯೋಚಿಸಿದರೆ ಆ ಮಾತನ್ನು ಹೇಳುತ್ತಿರುವಾಗ ನನಗೆ ಕಾಣುವುದು ಸಾಹೇಬರ ಮುಖವೊಂದೇ.

ಸ್ವಲ್ಪ ಹೊತ್ತಿಗೆ ಸೋಮನ ದನಿ ಪಕ್ಕದ ಕೋಣೆಯ ವೈರ್‌ಲೆಸ್ಸಿನಲ್ಲಿ ಬಂತು. ಧಾರೇಶ್ವರದ ನೇರಕ್ಕೆ ಏನೂ ಇಲ್ಲ, ನೀರು ತೆಂಕಕ್ಕೆ ಎಳೆಯುತ್ತಿದೆ, ತಾವೂ ತೆಂಕಕ್ಕೆ ಇಳಿಯುತ್ತೇವೆ ಎಂದ. ನಕ್ಷೆಯ ದಕ್ಷಿಣ ಭಾಗ ನೋಡಬೇಕಾಯಿತು. ಮೌಸ್ ಚಕ್ರ ತಿರುಗಿಸಿ ನಕ್ಷೆಯನ್ನು ಮೇಲಕ್ಕೆ ಸರಿಸಿದೆ. ಧಾರೇಶ್ವರ ಗೋಡೆಯ ನೆತ್ತಿಗೆ ಹೋಯಿತು, ಹೊನ್ನಾವರದ ಅಳಿವೆ ನಡುವಿಗೆ ಬಂತು. ಕೆಂಪು ಸುತ್ತು ಇದ್ದಲ್ಲೇ ಇತ್ತು. ಹಾಲಿನಲ್ಲಿ ಒಂದು ಉಸಿರು ಎದ್ದಿತು. ಅದು ಸಂತೋಷದ ಉಸಿರು.

"ಬಂತು! ಬಂತು, ತೆಂಕಕ್ಕೆ ಬಂತು!"

ನನಗೆ ತಕ್ಷಣ ಅರ್ಥವಾಗಲಿಲ್ಲ. ಗುರುತು ಜಾಗ ತಪ್ಪಿತಲ್ಲ ಎಂದು ಅದನ್ನು ಅಳಿಸುವ ಗುಂಡಿ ಒತ್ತಿದೆ. ಒಂದು ಗಳಿಗೆ ಗೋಡೆಯ ಮೇಲೆ ಬರೀ ನೀಲಿ. ನಕ್ಷೆಯನ್ನು ಚಿಕ್ಕದು ಮಾಡಿ, ಸರಿಯಾದ ಜಾಗದಲ್ಲಿ, ಅಳಿವೆಯಿಂದ ದೂರ ವಾಯವ್ಯಕ್ಕೆ ಮತ್ತೆ ಸುತ್ತು ಎಳೆದೆ. ನಾಗಮ್ಮ ಎದ್ದು ನಿಂತಳು.

"ಎಂತಕ್ಕೆ ಹಿಂದೆ ಕಳ್ಸಿದ್ರಿ, ಒಡೆಯಾ? ಅಳಿವೆ ಬಾಯಿಗೆ ಬಂದಾಗಿತ್ತಲ್ಲ!"

ನನಗೆ ಆಗ ಹೊಳೆಯಿತು. ಅವರಿಗೆ ಆ ಕೆಂಪು ಸುತ್ತು ಗುರುತಾಗಿರಲಿಲ್ಲ, ಅದೇ ದೋಣಿ. ಎಲ್ಲಿಂದಲೋ ಯಾವುದೋ ಯಂತ್ರ ದೋಣಿಯನ್ನು ಹಿಡಿದು ಗೋಡೆಯ ಮೇಲೆ ತೋರಿಸುತ್ತಿದೆ.

"ಅಮ್ಮಾ, ಅದು ದೋಣಿ ಅಲ್ಲ. ನಾನು ಕೈಯಲ್ಲಿ ಹಾಕಿದ ಗುರುತು."

"ನೀವು ಹಾಕಿದ್ದೋ? ನೀವು ಕುಂತದ್ದು ಇಲ್ಲಿ, ಅದು ಇರೂದು ಸಮುದ್ರದಾಗೆ. ಸುಮ್ನಿರಿ, ನಮ್ಗೆ ಕಣ್ಣಿಲ್ವಾ?"

ಹಿಂದಿನಿಂದ ಒಬ್ಬ ಸಮಾಧಾನ ಹೇಳಿದ: "ಸೆಟ್‌ಲೈಟು ಅಮ್ಮಾ. ಮೇಲಿಂದ ಎಲ್ಲಾ ಕಾಣ್ತದೆ. ನಮ್ಮ ಮನಿ ಹೆಂಚೂ ಕಾಣ್ತದಂತೆ."

"ಹಂಗಾರೆ ನಿನ್ನ ಮನಿ ಸೋರೂದೂ ಕಾಣ್ತದೆ. ಮೊದ್ಲು ಅದ್ನ ಮುಚ್ಚು, ಮಾರಾಯಾ," ಎಂದಳು ಇನ್ನೊಬ್ಬಳು. ಕೆಲವರು ನಕ್ಕರು. ಆ ಹಾಲಿನಲ್ಲಿ ನಗು ಬಂದದ್ದು ಅದೊಂದೇ ಸಲ.

ನಾನು ಮತ್ತೆ ವಿವರಿಸಲು ಹೊರಟೆ. ಸಾಹೇಬರು ಮೆಲ್ಲಗೆ ನನ್ನ ತೋಳು ಮುಟ್ಟಿದರು.

"ಬಿಡಿ. ಅಷ್ಟಾದ್ರೂ ಧೈರ್ಯ ಇರ್ಲಿ ಅವರಿಗೆ. ಈಗ ಪಾಠ ಮಾಡೋ ಹೊತ್ತಲ್ಲ."

ಅವರ ಮಾತಿನಲ್ಲಿ ಮೋಸವಿರಲಿಲ್ಲ. ನಾನು ಸೋಮನ ಅಂಕಿಗಳತ್ತ ತಿರುಗಿದೆ. ಬೆನ್ನ ಹಿಂದೆ ಐದು ಮನೆಗಳ ಜನ ಒಂದು ಕೆಂಪು ಸುತ್ತನ್ನು ನೋಡುತ್ತಾ ಕುಳಿತಿದ್ದರು. ಒಮ್ಮೆ ತಿರುಗಿ ನೋಡಿದಾಗ ನಾಗಮ್ಮ ಅದಕ್ಕೆ ಕೈಮುಗಿದಿದ್ದಳು.

ಸಂಜೆಯ ಹೊತ್ತಿಗೆ ವೈರ್‌ಲೆಸ್ ಗರಗರ ಎನ್ನತೊಡಗಿತು. ಸೋಮನ ಮಾತು ತುಂಡುತುಂಡಾಗಿ ಬರುತ್ತಿತ್ತು. ಸೆಟ್ಟು ಪಕ್ಕದ ಕೋಣೆಯಲ್ಲಿತ್ತು. ಸಾಹೇಬರೂ ನಾನೂ ಅದಕ್ಕೆ ಕಿವಿಹಚ್ಚಿ ಅಂಕಿಗಳನ್ನು ಹಿಡಿಯಲು ಹೆಣಗುತ್ತಿದ್ದೆವು. ಕೇಳಿದ್ದಿಷ್ಟು: ಅವರು ಮಂಕಿಯ ನೇರಕ್ಕೆ ಬಂದಿದ್ದಾರೆ, ಅಲೆ ದೊಡ್ಡದಿದೆ, ಬೆಳಕಿರುವವರೆಗೆ ಹುಡುಕುತ್ತಾರೆ. ನಂತರ ಸೆಟ್ಟು ಪೂರ್ತಿ ಸುಮ್ಮನಾಯಿತು. ಆದರೆ ಮಂಕಿಯ ನೇರದಲ್ಲಿ ದಡದ ಮೊಬೈಲ್ ಸಿಗ್ನಲ್ ಅಷ್ಟಿಷ್ಟು ಸಿಗುತ್ತಿತ್ತು. ಸೋಮನ ತಮ್ಮ ಮಂಜು ಹಾಲಿನ ಬಾಗಿಲಲ್ಲಿ ನಿಂತು ಅಣ್ಣನಿಗೆ ಫೋನ್ ಹಚ್ಚುತ್ತಲೇ ಇದ್ದ. ಹತ್ತು ಸಲಕ್ಕೆ ಒಂದು ಸಲ ಹತ್ತುತ್ತಿತ್ತು.

ಇಲ್ಲಿಂದ ಮುಂದಿನದನ್ನು ನಾನು ಕಂಡದ್ದು ಅರ್ಧ, ಆಮೇಲೆ ಕೇಳಿ ಜೋಡಿಸಿಕೊಂಡದ್ದು ಅರ್ಧ. ಎರಡನ್ನೂ ಬೇರ್ಪಡಿಸಲು ಈಗ ಆಗುವುದಿಲ್ಲ.

ಕಂಪ್ಯೂಟರಿನ ಬಳಿ ಯಾರೂ ಇರಲಿಲ್ಲ. ಮೌಸ್ ಅಲುಗದೆ ಸ್ವಲ್ಪ ಹೊತ್ತಾದರೆ ಪರದೆಯನ್ನು ಕಾಪಾಡಲು ತಾನಾಗಿ ಬರುವ ಚಿತ್ರಕ್ಕೆ ಸ್ಕ್ರೀನ್ ಸೇವರ್ ಎನ್ನುತ್ತಾರೆ. ಆ ಕಚೇರಿಯಲ್ಲಿ ಯಾರೋ ಮೀನಿನ ತೊಟ್ಟಿಯ ಸ್ಕ್ರೀನ್ ಸೇವರ್ ಇಟ್ಟಿದ್ದರು. ಮೀನುಗಾರರು ಬರುವ ಜಾಗ, ಚೆಂದ ಕಾಣುತ್ತದೆ ಎಂದುಕೊಂಡಿರಬೇಕು. ಗೋಡೆಯ ಮೇಲಿನ ಕಡಲು, ದಡ, ಕೆಂಪು ಸುತ್ತು ಎಲ್ಲ ಒಮ್ಮೆಲೇ ಕಪ್ಪಾಯಿತು. ಆ ಕತ್ತಲೆಯೊಳಗಿಂದ ಹಳದಿ, ಕಿತ್ತಳೆ ಬಣ್ಣದ ಮೀನುಗಳು ತೇಲಿ ಬಂದವು. ಗುಳ್ಳೆಗಳು ಮೇಲೇರಿದವು.

ಚೀರಾಟ ಕೇಳಿ ನಾನು ಓಡಿ ಬಂದೆ. ಬೆಂಚುಗಳು ಉರುಳಿದ್ದವು. ಎಲ್ಲರೂ ಎದ್ದು ನಿಂತಿದ್ದರಿಂದ ಮೇಜಿನ ಬಳಿ ಹೋಗಲು ದಾರಿಯಿರಲಿಲ್ಲ. ನಾಗಮ್ಮ ನೆಲದ ಮೇಲೆ ಬಿದ್ದು ಹಣೆ ಚಚ್ಚಿಕೊಳ್ಳುತ್ತಿದ್ದಳು. ಮಾದೇವಿ ಗೋಡೆಯ ಹತ್ತಿರ ಹೋಗಿದ್ದಳು. ಅವಳ ಬೆನ್ನ ಮೇಲೆ, ಜಡೆಯ ಮೇಲೆ ಬಣ್ಣದ ಮೀನುಗಳು ಹಾಯುತ್ತಿದ್ದವು. ಅವಳು ಎರಡೂ ಅಂಗೈಗಳಿಂದ ಗೋಡೆಯನ್ನು ಸವರಿ ನೋಡುತ್ತಿದ್ದಳು.

ನಾನು ಜನರ ನಡುವೆ ನುಗ್ಗಿ ಮೌಸ್ ಅಲುಗಿಸಿದೆ. ಮೀನುಗಳು ಮಾಯವಾದವು. ನಕ್ಷೆ ಮರಳಿ ಬಂತು: ದಡ, ಅಳಿವೆ, ಆಳದ ಅಂಕಿಗಳು ಎಲ್ಲ ಇದ್ದ ಹಾಗೇ. ಕಿಟಕಿ ತನ್ನದನ್ನು ತಾನು ಮತ್ತೆ ಬರೆದುಕೊಂಡಿತ್ತು. ಕೆಂಪು ಸುತ್ತು ಇರಲಿಲ್ಲ. ಮೀನುಗಳು ಬಂದಾಗ ಅರೆಬರೆ ಆಸೆ ಇಟ್ಟುಕೊಂಡವರಿಗೂ ಈಗ ಖಾತ್ರಿಯಾಯಿತು. ಕಡಲು ಅಲ್ಲೇ ಇದೆ, ಊರು ಅಲ್ಲೇ ಇದೆ, ದೋಣಿ ಮಾತ್ರ ಇಲ್ಲ.

ಅದೇ ಹೊತ್ತಿಗೆ ಬಾಗಿಲಲ್ಲಿ ಮಂಜುವಿನ ಫೋನ್ ಹತ್ತಿತ್ತು. ಅವನು ಒಳಗೆ ಕೂಗಿದ:

"ಎಂತ ಆತು?"

"ಗುರುತು ಹೋತು!"

ಮಂಜು ಫೋನಿಗೆ ಹೇಳಿದ: "ಅಣ್ಣಾ, ಹೋತಂತೆ."

ನಮ್ಮ ಕಡೆ ಹೋತು ಎಂದರೆ ಕರೆಂಟು ಹೋತು, ಬಸ್ಸು ಹೋತು. ಮನುಷ್ಯ ತೀರಿಕೊಂಡರೂ ಹೋತು. ಯಾವುದು ಹೋತು ಎಂದು ಹೇಳುವ ಅಗತ್ಯ ಎದುರಿಗಿದ್ದವರಿಗೆ ಇರುವುದಿಲ್ಲ, ಅವರಿಗೆ ಕಾಣುತ್ತಿರುತ್ತದೆ. ಸೋಮನಿಗೆ ಕಾಣುತ್ತಿದ್ದದ್ದು ಏಳುತ್ತಿದ್ದ ಅಲೆ ಮಾತ್ರ.

"ಗುರುತು ಹೋತು" ಎಂದವರು ಯಾರು? ಅದು ನನ್ನ ದನಿ ಎಂದು ಮಂಜು ಹೇಳುತ್ತಾನೆ. ಹೆಂಗಸಿನ ದನಿ ಎಂದು ಸಾಹೇಬರು ಹೇಳುತ್ತಿದ್ದರು. ನನ್ನ ಕಿವಿಯಲ್ಲಿ ಆ ಮಾತಿಗೆ ಯಾರ ದನಿಯೂ ಇಲ್ಲ, ಬರೀ ಮಾತು. ಅದು ನಾನೇ ಎಂದು ಒಪ್ಪಿಕೊಂಡುಬಿಟ್ಟರೆ ಕಥೆಗೆ ಒಂದು ಆಕಾರ ಬರುತ್ತದೆ. ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳುವುದೂ ಒಂದು ಬಗೆಯ ಸುಳ್ಳೇ ಎನಿಸಿ ಬಿಟ್ಟಿದ್ದೇನೆ.

ಮಾದೇವಿ ಗೋಡೆಯಿಂದ ಕೈ ತೆಗೆದು ನಮ್ಮತ್ತ ತಿರುಗಿದಳು. ಅವಳು ಅಳುತ್ತಿರಲಿಲ್ಲ.

"ಇದು ಗೋಡೆ," ಎಂದಳು. "ಸುಣ್ಣದ ಗೋಡೆ. ಇದ್ರಲ್ಲಿ ಎಂತ ಮುಳುಗ್ತದೆ? ದೋಣಿಯವ್ರಿಗೆ ಹೇಳಿ, ಹುಡುಕೂದು ಬಿಡ್ಬೇಡಿ ಅಂತ."

ಇಬ್ಬರು ಹೆಂಗಸರು ಅವಳನ್ನು ಹಿಡಿದುಕೊಂಡರು. "ಬಾ ತಂಗಿ, ಕೂರು. ನೀರು ಕುಡಿ."

"ನನ್ಗೆ ನೀರು ಬ್ಯಾಡ. ಫೋನ್ ಮಾಡ್ರಾ ಯಾರಾದ್ರೂ!"

ದುಃಖದಲ್ಲಿ ಬುದ್ಧಿ ಕದಡಿದೆ ಎಂದುಕೊಂಡು ಅವಳನ್ನು ಹೊರಗಿನ ಜಗುಲಿಗೆ ಕರೆದೊಯ್ದರು. ಅಲ್ಲಿಂದಲೂ ಅವಳ ಕೂಗು ಕೇಳುತ್ತಿತ್ತು.

ಸಾಹೇಬರು ಮತ್ತೆ ವೈರ್‌ಲೆಸ್ಸಿಗೆ ಓಡಿದರು. ಮಂಜು ಫೋನ್ ಒತ್ತುತ್ತಲೇ ಇದ್ದ, ಹತ್ತಲಿಲ್ಲ. ನಾನು ಆ ಗದ್ದಲದಲ್ಲಿ ತಂತ್ರಾಂಶವನ್ನು ಮತ್ತೆ ಎಬ್ಬಿಸಿ, ಅದೇ ಜಾಗದಲ್ಲಿ ಸುತ್ತು ಎಳೆದು, "ನೋಡಿ, ಇದು ನನ್ನ ಕೈ, ನನ್ನ ಕೈಯಿಂದಲೇ ಬರುವುದು" ಎಂದು ಕೂಗಿದೆ. ಒಬ್ಬರೂ ಗೋಡೆಯತ್ತ ನೋಡಲಿಲ್ಲ. ಹೋದದ್ದು ಮರಳಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಕೊನೆಗೆ ವೈರ್‌ಲೆಸ್ಸಿನಲ್ಲಿ ಸಿಕ್ಕಿದ್ದು ನಾಲ್ಕರಲ್ಲಿ ಹಿಂದಿದ್ದ ಒಂದು ದೋಣಿ. ಅದು ಆಗಲೇ ಅಳಿವೆಯೊಳಗೆ ನುಗ್ಗುತ್ತಿತ್ತು. ಸೋಮ ತಿರುಗಿದ್ದನ್ನು ಕಂಡು ಎಲ್ಲರೂ ತಿರುಗಿದ್ದರು. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬವಿದೆ. ನೀರಿಳಿತದ ಹೊತ್ತಿನಲ್ಲಿ, ಗಾಳಿ ಎದುರಿರುವಾಗ, ಕತ್ತಲೆ ಕವಿಯುವಾಗ ಆ ದಿಬ್ಬ ದಾಟಿ ಮತ್ತೆ ಹೊರಗೆ ಹೋಗು ಎಂದು ಯಾರೂ ಯಾರಿಗೂ ಹೇಳುವಂತಿರಲಿಲ್ಲ. ನಾಲ್ಕೂ ದೋಣಿಗಳು ಸಾಲಾಗಿ ಒಳಗೆ ಬಂದವು. ದಡದಲ್ಲಿ ನಿಂತಿದ್ದ ಜನ ಅವುಗಳ ಮುಂದೆ ಅಳುತ್ತಿದ್ದರು. ಅದನ್ನು ಕಂಡು ದೋಣಿಯವರಿಗೆ ತಾವು ಕೇಳಿದ್ದು ನಿಜ ಎಂದು ಮನವರಿಕೆಯಾಯಿತು.

ಮರುದಿನ ಬೆಳಿಗ್ಗೆ ಭಟ್ಕಳದ ಬಂದರಿನಿಂದ ಫೋನ್ ಬಂತು. ಕಡಲ ನಡುವಿನ ನೇತ್ರಾಣಿ ಗುಡ್ಡದ ಕಡೆಯಿಂದ ಬರುತ್ತಿದ್ದ ದೋಣಿಯೊಂದಕ್ಕೆ ಮಗುಚಿದ ಒಂದು ದೋಣಿ ಸಿಕ್ಕಿತ್ತು, ಅದರ ಅಡಿಯನ್ನು ಅಪ್ಪಿಕೊಂಡ ನಾಲ್ವರು ಜೀವಂತವಾಗಿದ್ದರು. ನಾಲ್ವರು.

ಸಾಹೇಬರು, ಸೋಮ, ಮಂಜು ಮತ್ತು ನಾನು ಜೀಪಿನಲ್ಲಿ ಹೋದೆವು. ದಾರಿಯಲ್ಲಿ ಯಾರೂ ಐದನೆಯವನ ಮಾತೆತ್ತಲಿಲ್ಲ. ಬಂದರಿನಲ್ಲಿ ಆ ನಾಲ್ವರನ್ನು ಕಂಬಳಿ ಹೊದಿಸಿ ಮಂಜುಗಡ್ಡೆ ಇಡುವ ಶೆಡ್ಡಿನ ಹೊರಗೆ ಕೂರಿಸಿದ್ದರು. ಉಪ್ಪಿನಿಂದ ಅವರ ತುಟಿಗಳು ಒಡೆದಿದ್ದವು. ಅವರಲ್ಲಿ ಈರ ಎಂಬವನಿಗೆ ಮಾತಾಡುವಷ್ಟು ಶಕ್ತಿಯಿತ್ತು. ಬಲೆ ಪ್ರೊಪೆಲರ್‌ಗೆ ಸುತ್ತಿ ಇಂಜಿನ್ ನಿಂತಿತು, ಅಡ್ಡ ಅಲೆ ದೋಣಿಯನ್ನು ಮಗುಚಿತು ಎಂದ. ಆಮೇಲೆ ಸೋಮನತ್ತ ತಿರುಗಿದ.

"ನಿನ್ನೆ ಸಂಜೆ ನೀವು ಬಂದಿದ್ರಿ. ನಾಲ್ಕು ದೋಣಿ. ನಿನ್ನ ದೋಣಿ ಬಣ್ಣ ಕಾಣ್ತಿತ್ತು. ಗಣಪು ಅಂಗಿ ಬಿಚ್ಚಿ ಬೀಸ್ದ, ನಾವು ಕೂಗ್ದೋ. ಇನ್ನೇನು ಬತ್ತ್ರು ಅಂದ್ಕಂಡೋ. ಮತ್ತೆ ಎಲ್ಲಾ ಒಟ್ಟಿಗೆ ಮೂತಿ ತಿರ್ಗಿಸಿದ್ರಿ."

ಈರ ಕಂಬಳಿಯನ್ನು ಮೇಲಕ್ಕೆ ಎಳೆದುಕೊಂಡ.

"ಗಣಪು ಹೇಳ್ದ, ಅವ್ರಿಗೆ ನಾವು ಕಾಣ್ಲಿಲ್ಲ, ಸೋಮ ಅದಾನೆ, ನಾ ಹೋಗಿ ಹೇಳ್ತೆ ಅಂತ. ಕೈ ಬಿಟ್ಟು ಈಜೂಕೆ ಹಿಡ್ದ. ನಿಮ್ಮ ಹಿಂದೇ ಈಜ್ದ. ಒಂದೆರ್ಡು ಸಲ ತಲೆ ಕಂಡ್ತು."

ಸೋಮ ಬಲೆಯ ರಾಶಿಯ ಮೇಲೆ ಕುಳಿತ. ಯಾರನ್ನೂ ನೋಡದೆ ಹೇಳಿದ: "ಹೋತಂತೆ ಅಂತ ಕೇಳ್ತು. ಎಂತ ಹೋತು ಅಂತ ಕೇಳೂದ್ರೊಳಗೆ ಕಟ್ ಆತು."

ಮಂಜು ತನ್ನ ಮೊಬೈಲನ್ನು ಅಂಗಿಯ ಜೇಬಿನಿಂದ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಆಮೇಲೆ ಅಲ್ಲಿಂದಲೂ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಗಣಪು ಸಿಗಲಿಲ್ಲ. ಮುಂದಿನ ದಿನಗಳಲ್ಲಿ ಮುರ್ಡೇಶ್ವರದಿಂದ ಆಚೆಯವರೆಗೂ ಹುಡುಕಿದರು. ದಡಕ್ಕೂ ಏನೂ ಬರಲಿಲ್ಲ.

ನಂತರ ವರದಿಯ ಕೆಲಸ. ಆ ಸಂಜೆ ಪರದೆಯ ಮೇಲೆ ಏನಿತ್ತು ಎಂಬುದನ್ನು ಲಗತ್ತಿಸಿ ಎಂದು ಮೇಲಿನಿಂದ ಸೂಚನೆ ಬಂತು. ನಾನು ಕಂಪ್ಯೂಟರನ್ನು ಜಾಲಾಡಿದೆ. ನಕ್ಷೆಯಿತ್ತು, ಅದನ್ನು ತೆರೆದ ಹೊತ್ತಿನ ದಾಖಲೆಯೂ ಇತ್ತು. ಸುತ್ತು ಎಳೆದದ್ದಕ್ಕೆ, ಅಳಿಸಿದ್ದಕ್ಕೆ, ಮತ್ತೆ ಎಳೆದದ್ದಕ್ಕೆ ಒಂದು ಚೂರು ಕುರುಹೂ ಇರಲಿಲ್ಲ. ಇಬ್ರಾಹಿಂ ಹೇಳಿದ್ದು ಸುಳ್ಳಾಗಿರಲಿಲ್ಲ. ನಾನು ಬರೀ ನಕ್ಷೆಯನ್ನೇ ಮುದ್ರಿಸಿ ಲಗತ್ತಿಸಿದೆ: ದಡ, ಅಳಿವೆ, ಆಳದ ಅಂಕಿಗಳು. ಸಮುದ್ರ ಪ್ರಕ್ಷುಬ್ಧವಾಗಿದ್ದುದರಿಂದ ಹುಡುಕಾಟವನ್ನು ಅಂದಿಗೆ ನಿಲ್ಲಿಸಲಾಯಿತು ಎಂದು ಸಾಹೇಬರು ಬರೆದರು. ಅದೂ ಸುಳ್ಳಲ್ಲ. ಗಾಳಿ ಎದ್ದಿತ್ತು. ಯಾರೂ ಏನೂ ಹೇಳದಿದ್ದರೂ ಅವರು ಇನ್ನು ಸ್ವಲ್ಪ ಹೊತ್ತಿಗೆ ತಿರುಗಲೇಬೇಕಿತ್ತು. ಆ ಸ್ವಲ್ಪ ಹೊತ್ತು ಎಷ್ಟು ಎಂಬುದು ಯಾವ ವರದಿಯಲ್ಲೂ ಬರಲಾರದು.

ದೀಪಾವಳಿಗೆ ಮೊದಲು ಒಂದು ದಿನ ನಾನು ಆ ಕಚೇರಿಯಲ್ಲಿದ್ದಾಗ ಮಾದೇವಿ ಬಂದಳು. ಶವ ಸಿಗದವರ ಕುಟುಂಬಕ್ಕೆ ಯಾವ ಕಾಗದವೂ ಬೇಗ ಸಿಗುವುದಿಲ್ಲ, ಅದಕ್ಕಾಗಿ ಅವಳು ಅಲ್ಲಿಗೆ ಆಗಾಗ ಬರುತ್ತಿದ್ದಳು ಎಂದು ಸಿಬ್ಬಂದಿ ಹೇಳಿದರು. ಅಂದು ಕಾಗದಕ್ಕೆ ಬಂದಿರಲಿಲ್ಲ. ನೇರ ನನ್ನ ಮೇಜಿನ ಬಳಿ ಬಂದು ನಿಂತಳು.

"ತಮಾ, ಕ್ರಿಯೆ ಮಾಡೂದು ಅಂತ ಆಗದೆ. ಅತ್ತೆಗೆ ಅದೊಂದೇ ಹಟ. ದೋಣಿ ತಕ್ಕಂಡು ಹೋಗಿ ಅವ್ರು ಇದ್ದಲ್ಲೇ ಪಿಂಡ ಬಿಡ್ಬೇಕಂತೆ. ಆ ಕೆಂಪು ಗುರುತು ಒಂದ್ಸಲ ತೋರ್ಸು. ಎಲ್ಲಿ ಅಂತ ಸೋಮಣ್ಣಂಗೆ ಹೇಳ್ತೆ."

ಪೆನ್ ಡ್ರೈವ್ ನನ್ನ ಚೀಲದಲ್ಲೇ ಇತ್ತು. ನಕ್ಷೆ ತೆರೆಯಲು, ಒಂದು ಸುತ್ತು ಎಳೆಯಲು ಒಂದು ನಿಮಿಷವೂ ಬೇಡ. ಎಲ್ಲಿ ಎಳೆದರೂ ಅವರ ಮನೆಯವರು ಅಲ್ಲಿಗೆ ಹೋಗುತ್ತಿದ್ದರು, ನಾಗಮ್ಮನಿಗೆ ಸಮಾಧಾನವಾಗುತ್ತಿತ್ತು. ನನ್ನ ಕೈ ಚೀಲದ ಜಿಪ್ಪಿನವರೆಗೆ ಹೋಯಿತು. ಮಂಕಿಯ ನೇರಕ್ಕೆ, ಈರ ಹೇಳಿದ ಅಂದಾಜಿಗೆ ಒಂದು ಚಿಕ್ಕ ಸುತ್ತು. ಅದರಲ್ಲೇನು ತಪ್ಪು?

"ಅದು ಉಳಿದಿಲ್ಲ, ಮಾದೇವಿ," ಎಂದೆ. "ಇದ್ದರೂ ಅದು ಅವನು ಇದ್ದ ಜಾಗ ಆಗಿರಲಿಲ್ಲ. ನಾನು ಅಂದಾಜಿನಲ್ಲಿ ಹಾಕಿದ್ದು."

"ಹಂಗಾರೆ ಆ ಸುತ್ತು ಅಂದ್ರೆ ಎಂತ?"

"ಅದರೊಳಗೆ ಎಲ್ಲಿದಾನೆ ಅಂತ ನಮಗೆ ಗೊತ್ತಿಲ್ಲ ಅಂತ."

ಅವಳು ನನ್ನನ್ನೇ ನೋಡಿದಳು. ಸಿಟ್ಟು ಇತ್ತೋ ಇಲ್ಲವೋ ನನಗೆ ಹೇಳಲು ಬಾರದು.

"ಅಷ್ಟನ್ನೇ ಅವತ್ತು ಹೇಳಿದ್ರೆ ಆತಿತ್ತಲ್ಲ," ಎಂದಳು. "ಗೊತ್ತಿಲ್ಲ ಅಂದ್ರೆ ಹುಡುಕ್ತ್ರು. ಗೊತ್ತಾತು ಅಂದ್ರೆ ತಿರುಗಿ ಬತ್ತ್ರು."

ಕ್ರಿಯೆಯನ್ನು ಅವರು ಕೊನೆಗೆ ಅಳಿವೆಯ ಬಾಯಲ್ಲೇ ಮಾಡಿದರು ಎಂದು ಕೇಳಿದೆ. ನಾನು ಹೋಗಿರಲಿಲ್ಲ.

ಆ ಕೆಲಸದಲ್ಲಿ ಇನ್ನೂ ಕೆಲವು ವರ್ಷ ಇದ್ದೆ. ಪರದೆಗಳು ದೊಡ್ಡವಾದವು, ನಕ್ಷೆಗಳು ಬಣ್ಣದವಾದವು, ಬರೆದದ್ದನ್ನು ಉಳಿಸಿಡುವ ತಂತ್ರಾಂಶಗಳು ಬಂದವು. ಸಭೆಗಳಲ್ಲಿ ಯಾವುದರ ಸುತ್ತ ಗೆರೆ ಎಳೆಯಬೇಕಾದರೂ ನಾನು ಮೊದಲು ಮೌಸ್ ಬಿಟ್ಟು, ಜನರ ಕಡೆ ತಿರುಗಿ, ಇದರಲ್ಲಿ ನಮಗೆ ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಎಂದು ಹೇಳುತ್ತಿದ್ದೆ. ವೃತ್ತಿ ಕಲಿಸಿದ್ದು ಇದೊಂದೇ. ಅಧಿಕಾರಿಗಳಿಗೆ ಇದು ಇಷ್ಟವಾಗುತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳಲು ಪ್ರೊಜೆಕ್ಟರ್ ಯಾಕೆ ಎಂದು ಒಬ್ಬರು ಕೇಳಿದ್ದೂ ಉಂಟು. ಜನ ಮಾತ್ರ ತಾಳ್ಮೆಯಿಂದ ಕೇಳುತ್ತಿದ್ದರು, ತಲೆಯಾಡಿಸುತ್ತಿದ್ದರು. ನಾನು ತಿರುಗಿ ಕೆಂಪು ಸುತ್ತು ಎಳೆದ ಕೂಡಲೇ ಅಷ್ಟೂ ಜನರ ಕಣ್ಣು ಅದರ ಮೇಲೆ ಹೋಗಿ ನಿಲ್ಲುತ್ತಿತ್ತು. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಆ ಕಣ್ಣುಗಳಲ್ಲಿ ಉಳಿದಿರುತ್ತಿರಲಿಲ್ಲ.